ಕಾಲಬುಡದ ಬಂಗುಡೆ ಚೀಲ

ಬಂಗುಡೆ ಮೀನಿನ ಚೀಲವನ್ನು ಕಾರಿನ ಮುಂದಿನ ಸೀಟಿನಲ್ಲಿ, ನನ್ನ ಕಾಲಬುಡದಲ್ಲಿ ಇಟ್ಟುಕೊಂಡವಳು ನಾನೇ. ಮನೆಯಲ್ಲಿ ಈಗಲೂ ಆ ಮಾತು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ನೋಡಲಿ. ಇಟ್ಟದ್ದು ನಾನು, ಇನ್ನೊಮ್ಮೆಯೂ ಅಲ್ಲಿಯೇ ಇಡುತ್ತೇನೆ.

ಕಾರು ತಮ್ಮನದು. ಹಲವು ವರ್ಷ ಮುಂಬಯಿಯ ಹೋಟೆಲಿನಲ್ಲಿ ದುಡಿದು, ಬ್ರಹ್ಮಾವರಕ್ಕೆ ಮರಳಿ ತನ್ನದೇ ಸಣ್ಣ ಹೋಟೆಲು ಹಾಕಿದ ಮೇಲೆ ಅವನು ತನಗೆಂದು ಕೊಂಡುಕೊಂಡ ಒಂದೇ ಒಂದು ಆಸೆಯ ವಸ್ತು. ಕೆಂಪು ಬಣ್ಣದ, ನೆಲಕ್ಕೆ ತೀರಾ ಹತ್ತಿರವಿದ್ದ, ಸ್ವಲ್ಪ ಕಾಲು ಒತ್ತಿದರೆ ನಮ್ಮ ಬೆನ್ನು ಸೀಟಿಗೆ ಅಂಟಿಹೋಗುವ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು. ಅಮ್ಮನಿಗೆ ಮಂಡಿ ನೋವು. ಅದರೊಳಗೆ ಕೂರುವುದೆಂದರೆ ಅವಳಿಗೆ ಬಾವಿಗೆ ಇಳಿದ ಹಾಗೆ. ಆದರೂ ವಾರಕ್ಕೊಮ್ಮೆ ಕುಂದಾಪುರದ ಆಸ್ಪತ್ರೆಗೆ, ಮಂಡಿಯ ವ್ಯಾಯಾಮಕ್ಕೆ, ಅವಳು ಹೋಗುತ್ತಿದ್ದದ್ದು ಅದರಲ್ಲೇ.

ತಮ್ಮನಿಗೆ ಒಂದೇ ಕೊರಗು, ಸ್ಟೀರಿಂಗ್ ಬಹಳ ಹಗುರವೆಂದು. “ಬೆಣ್ಣಿ ಒಳ್ಗ್ ಕೈ ಹಾಕ್ದಂಗ್ ಆತ್ತ್ ಅಕ್ಕ. ರಸ್ತಿ ಕೈಗೇ ಸಿಕ್ಕುದಿಲ್ಲೆ” ಎನ್ನುತ್ತಿದ್ದ.

ಈಗಿನ ಕಾರುಗಳಲ್ಲಿ ಸ್ಟೀರಿಂಗ್ ತಿರುಗಿಸಲು ನಮ್ಮ ಕೈಗೆ ಒಂದು ವಿದ್ಯುತ್ ಮೋಟಾರಿನ ನೆರವಿರುತ್ತದೆ. ನಾವು ಎಷ್ಟು ಬಲ ಹಾಕುತ್ತಿದ್ದೇವೆಂದು ಸೆನ್ಸರೊಂದು ಅಳೆದು ಕಾರಿನ ಕಂಪ್ಯೂಟರಿಗೆ ಹೇಳುತ್ತದೆ, ಅದಕ್ಕೆ ತಕ್ಕಂತೆ ಮೋಟಾರು ತಿರುಗುತ್ತದೆ. ಕಾಲೇಜಿನಲ್ಲಿ ಇಲೆಕ್ಟ್ರಾನಿಕ್ಸ್ ಓದಿದ್ದ ನನಗೆ ಇಷ್ಟು ಗೊತ್ತಿತ್ತು. ತಮ್ಮನು ತನ್ನ ಗೆಳೆಯನೊಬ್ಬನ ಕೈಯಲ್ಲಿ ಆ ಸೆನ್ಸರಿನ ವಯರುಗಳನ್ನು ಕತ್ತರಿಸಿ, ನಡುವೆ ಒಂದು ಕಪ್ಪು ಡಬ್ಬಿ ಕೂರಿಸಿದ. ಗೇರಿನ ಪಕ್ಕದಲ್ಲಿ ಅದಕ್ಕೊಂದು ಗುಂಡಿ. ಗುಂಡಿ ತಿರುಗಿಸಿದಷ್ಟೂ ಡಬ್ಬಿ ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ, ಮೋಟಾರು ಹಿಂಜರಿಯುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. ಡಬ್ಬಿಯನ್ನು ಎಡಸೀಟಿನ ಕಾಲಬುಡದಲ್ಲಿ, ಮ್ಯಾಟಿನ ಅಡಿಗೆ ಅಂಟಿಸಿದ್ದರು.

“ಅದ್ ಹಾಳಾರೆ ಎಂತ ಆತ್ತ್?” ಎಂದು ಕೇಳಿದ್ದೆ.

“ಹಾಳಾಪ್ದ್ ಎಂತಕೆ? ನಿಂಗ್ ಓದ್ದದ್ದ್ ಜಾಸ್ತಿ ಆಯ್ತ್. ಕೂಕೊ, ಒಂದ್ ರೌಂಡ್ ಹೋಪ.”

ನಿಜ ಹೇಳಬೇಕೆಂದರೆ ಆ ರೌಂಡು ನನಗೂ ಇಷ್ಟವಾಗಿತ್ತು. ಅವನ ಮುಖದಲ್ಲಿ ಅಂಥ ಗೆಲುವು ಕಂಡು ಬಹಳ ಕಾಲವಾಗಿತ್ತು.

ಅದಾಗಿ ಕೆಲವು ವಾರಕ್ಕೆ ನಾವು ಮೂವರೂ ಉಪ್ಪುಂದದ ಚಿಕ್ಕಮ್ಮನ ಮನೆಗೆ ಪೂಜೆಗೆ ಹೋದೆವು. ರಾತ್ರಿ ಅಲ್ಲೇ ಉಳಿದು, ಮರುದಿನ ಊಟ ಮುಗಿಸಿ ಹೊರಡುವಾಗ ಚಿಕ್ಕಮ್ಮ ಐಸು ಹಾಕಿದ ಬಂಗುಡೆಯ ಚೀಲ ಹಿಡಿದು ಬಂದಳು. “ತಕಂಡ್ ಹೋಯ್ನಿ, ಈಗಷ್ಟೇ ದೋಣಿಯಿಂದ ಇಳ್ಸದ್ದ್.” ಡಿಕ್ಕಿಯ ತುಂಬ ತಮ್ಮನ ಸ್ಪೀಕರು ಪೆಟ್ಟಿಗೆ. ಹಿಂದಿನ ಸೀಟಿನಲ್ಲಿ ಅಮ್ಮ, ಅವಳ ಮಡಿಲಲ್ಲಿ ಪೂಜೆಯ ಪ್ರಸಾದ. ನಾನು ಹಿಂದಿನ ಬಾಗಿಲು ತೆರೆದದ್ದೇ ತಡ, “ಪ್ರಸಾದದ್ ಹತ್ರ ಮೀನ್ ತರ್ಬೇಡ ಹೆಣೆ, ಮುಂದೆ ಇಟ್ಕೊ” ಎಂದಳು ಅಮ್ಮ. ಮುಂದೆ ಇಟ್ಟುಕೊಂಡೆ. ನಮ್ಮ ಕಡೆಯ ಯಾವ ಮನೆಯಲ್ಲಾದರೂ ಹಾಗೆಯೇ ಇಡುತ್ತಿದ್ದರು.

ಮರವಂತೆಯಲ್ಲಿ ಹೊರಗಿನವರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ನಮಗೆ ಅದು ಮನೆಗೆ ಹೋಗುವ ದಾರಿ. ಬಲಕ್ಕೆ ಕಡಲು, ಎಡಕ್ಕೆ, ನಾನು ಕೂತ ಬದಿಗೆ, ಹೊಳೆ. ಹೋಟೆಲಿನ ಏನೋ ಸುದ್ದಿ ಹೇಳುತ್ತಿದ್ದ ತಮ್ಮ ಅರ್ಧಕ್ಕೇ ನಿಲ್ಲಿಸಿದ. ಸ್ಟೀರಿಂಗ್ ಎಡಕ್ಕೆ ತಿರುಗುತ್ತಿತ್ತು. ಅವನು ತಿರುಗಿಸುತ್ತಿರಲಿಲ್ಲ. ಅವನ ಎರಡೂ ಕೈಗಳು ಅದನ್ನು ಬಲಕ್ಕೆ ಎಳೆಯುತ್ತಿದ್ದವು, ಮುಂಗೈಯ ನರ ಉಬ್ಬಿದ್ದವು, ಆದರೂ ಅದು ನಿಧಾನವಾಗಿ, ಇನ್ಯಾರದೋ ಕೈಯಲ್ಲಿದ್ದಂತೆ, ಹೊಳೆಯ ಕಡೆಗೇ ಹೋಗುತ್ತಿತ್ತು. “ಏಯ್, ಎಳಿತಾ ಇತ್ತ್! ಎಳಿತಾ ಇತ್ತ್!” ಎಂದು ಕೂಗಿ ಬ್ರೇಕು ಒತ್ತಿದ. ಟೈರು ಮಣ್ಣಿಗೆ ಇಳಿದ ಸದ್ದು. ಕಿಟಕಿಯಲ್ಲಿ ನೀರು, ಬರೀ ನೀರು. ಆಮೇಲೆ ಬದಿಯ ಕಲ್ಲಿಗೆ ಬಡಿದು ಕಾರು ನಿಂತಿತು.

ನನ್ನ ಪಾದಗಳು ಒದ್ದೆಯಾಗಿದ್ದವು. ರಕ್ತವೆಂದುಕೊಂಡೆ, ಕೆಳಗೆ ನೋಡಲು ಧೈರ್ಯ ಬರಲಿಲ್ಲ. ಕೊನೆಗೆ ನೋಡಿದರೆ, ಐಸು ಕರಗಿದ ಮೀನಿನ ನೀರು. ಹಿಂದೆ ಅಮ್ಮ ಚೆಲ್ಲಿದ ಪ್ರಸಾದವನ್ನು ಒಂದೊಂದೇ ಹೆಕ್ಕುತ್ತಿದ್ದಳು.

ಬಲೆ ಹೊತ್ತು ಹೋಗುತ್ತಿದ್ದ ಒಬ್ಬರು ಓಡಿ ಬಂದರು. “ಹ್ವಾಯ್, ಎಂತ ಆಯ್ತ್? ಜೀವಕ್ಕೆಂತ ಆಯ್ಲಿಲ್ಲ ಅಲ್ದಾ?” ಆಗಿಲ್ಲವೆಂದು ತಿಳಿದ ಮೇಲೆ ನನ್ನ ಕಾಲಬುಡಕ್ಕೆ ಇಣುಕಿದರು. “ಬಂಗ್ಡಿ ಸಮುದ್ರದ್ದ್ ಮಾರಾಯ್ರೆ, ಹೊಳಿಗ್ ಬಿಡುಕ್ ಹೊರ್ಟದ್ದ್ ಎಂತಕೆ?” ಮೂವರೂ ನಕ್ಕೆವು.

ಕಾರನ್ನು ಮನೆಗೆ ಎಳೆಸಿ ತಂದ ಮೇಲೆ ತಮ್ಮ ಮ್ಯಾಟು ಎತ್ತಿದ. ಡಬ್ಬಿಯೊಳಗೆ ನೀರು. ಅವನ ಮುಖಕ್ಕೆ ಜೀವ ಬಂತು. “ಕಾಣ್! ಮೀನ್ ನೀರ್ ಹೊಕ್ಕದ್ದ್! ಡಬ್ಬಿದ್ ತಪ್ಪ್ ಎಂತದೂ ಇಲ್ಲೆ!” ಬಿಸಿಲಿನಲ್ಲಿ ಒಣಗಿಸಿ, ಪ್ಲಾಸ್ಟಿಕ್ ಸುತ್ತಿ, ಮತ್ತೆ ಅಲ್ಲೇ ಕೂರಿಸಿದ. ಇನ್ನು ಮುಂದೆ ಕಾರಿನಲ್ಲಿ ಮೀನು ತರಬಾರದೆಂದು ತೀರ್ಮಾನವಾಯಿತು. ಸುದ್ದಿ ಕೇಳಿದ ನೆಂಟರೆಲ್ಲ ಅದನ್ನೇ ಹೇಳಿದರು: ಓದಿದ ಹುಡುಗಿ, ಅಷ್ಟೂ ತಿಳಿಯಲಿಲ್ಲವೇ?

ತಿಳಿದದ್ದಕ್ಕೇ ನಾನು ಒಪ್ಪಲಿಲ್ಲ. ಡಬ್ಬಿ ಇಲ್ಲದ ಕಾರಿನಲ್ಲಿ ಆ ಸೆನ್ಸರು ಕೆಟ್ಟರೆ ಕಂಪ್ಯೂಟರಿಗೆ ಲೆಕ್ಕ ತಾಳೆಯಾಗುವುದಿಲ್ಲ. ಅದು ಎಚ್ಚರಿಕೆಯ ದೀಪ ಹೊತ್ತಿಸಿ ಮೋಟಾರನ್ನು ನಿಲ್ಲಿಸುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಆದರೆ ನಮ್ಮ ಕೈಯಲ್ಲೇ ಇರುತ್ತದೆ. ಮರವಂತೆಯಲ್ಲಿ ಯಾವ ದೀಪವೂ ಹೊತ್ತಲಿಲ್ಲ. ಕಂಪ್ಯೂಟರು ನಂಬುವಂತೆ ಸುಳ್ಳು ಹೇಳಲೆಂದೇ ಮಾಡಿದ ಡಬ್ಬಿ, ನೀರು ಹೊಕ್ಕಾಗಲೂ ತನ್ನ ಕೆಲಸ ಬಿಡಲಿಲ್ಲ. ತಮ್ಮ ಎಡಕ್ಕೆ ತಿರುಗಿಸುತ್ತಿದ್ದಾನೆಂದು ಅದು ಹೇಳಿದ್ದನ್ನು ಕಂಪ್ಯೂಟರು ನಂಬಿತು, ಮೋಟಾರು ತಿರುಗಿತು. ಮತ್ತೆ, ಮೀನು ಬೇಡವೆಂದರೆ ಮುಗಿಯಿತೇ? ಜೂನ್ ಬಂತೆಂದರೆ ಒದ್ದೆ ಕೊಡೆ, ಕೆಸರು ಕಾಲು ಎಲ್ಲಿಡುವುದು? ಈ ಕರಾವಳಿಯಲ್ಲಿ ನೀರು ತಾಗಬಾರದ, ಮೀನು ಹತ್ತಬಾರದ ಕಾರು ಯಾರಿಗೆ ಬೇಕು?

ಆಸ್ಪತ್ರೆಯ ದಿನ ಬಂತು. ಅಮ್ಮನನ್ನು ತಮ್ಮ ಆಗಲೇ ಮುಂದಿನ ಸೀಟಿನಲ್ಲಿ ಕೂರಿಸಿದ್ದ. ಅವಳ ಚಪ್ಪಲಿ ಸರಿಯಾಗಿ ಆ ಡಬ್ಬಿಯ ಮೇಲೆ. ನಾನು ಬಾಗಿಲು ತೆರೆದೆ.

“ಅಮ್ಮ, ಇಳಿ.”

“ಅಕ್ಕ, ನೆರೆಮನಿಯರ್ ಎದ್ರ್ ಮರ್ಯಾದಿ ತೆಗಿಬೇಡ.”

“ಡಬ್ಬಿ ತೆಗಿ. ಅಲ್ಲಿವರಿಗೂ ಅಮ್ಮ ಇದ್ರಗೆ ಕೂಕಂಬುಕಿಲ್ಲೆ.”

“ಒಂದ್ಸಲ ಆದದ್ದಕ್ಕೆ ಇಷ್ಟ್ ರಂಪವಾ?”

“ಎರಡ್ನೇ ಸಲ ಆರೆ ರಂಪ ಮಾಡುಕ್ ಯಾರೂ ಇರುದಿಲ್ಲೆ.”

ಅವನು ಅಮ್ಮನ ಕಡೆ ನೋಡಿದ. ಅಮ್ಮ ಯಾವತ್ತೂ ಅವನ ಪಕ್ಷ. ಅಂಥವಳು ಬಾಗಿಲು ಹಿಡಿದು ನೋಯುವ ಮಂಡಿಯನ್ನು ಹೊರಗಿಟ್ಟಳು. “ಬಸ್ಸಿಗ್ ಹೋಪ ಹೆಣೆ. ಬಸ್ಸಿನ್ ಮೆಟ್ಲ್ ಎತ್ರ. ಆರೆ ಅದ್ ತನ್ನಷ್ಟಕ್ಕೆ ಹೊಳಿ ಬದಿಗ್ ತಿರ್ಗುದಿಲ್ಲೆ ಅಲ್ದಾ.”

ಬಸ್ಸಿನಲ್ಲೇ ಹೋದೆವು. ಮುಂದಿನ ವಾರವೂ, ಅದರ ಮುಂದಿನ ವಾರವೂ. ಒಮ್ಮೆ ಕೋಟದ ಹತ್ತಿರ ಹಿಂದಿನ ಗಾಜಿನಲ್ಲಿ ನೋಡಿದರೆ, ತಮ್ಮನೊಬ್ಬನೇ ಕೂತ ಕೆಂಪು ಕಾರು ನಮ್ಮ ಬಸ್ಸಿನ ಬೆನ್ನಿಗೇ ಬರುತ್ತಿತ್ತು. ನಾನು ಕೈ ಬೀಸಲಿಲ್ಲ. ಅಮ್ಮ ಬೀಸಿದಳು.

ಕೊನೆಗೆ ಒಂದು ಬೆಳಿಗ್ಗೆ ಅವನು ಆ ಡಬ್ಬಿಯನ್ನು ತಂದು ನನ್ನ ಚಹಾದ ಪಕ್ಕ ಇಟ್ಟ. “ತೆಗ್ದೆ. ಸೆನ್ಸರೂ ವಯರೂ ಹೊಸ್ತ್ ಹಾಕ್ಸ್ದೆ. ಇನ್ನ್ ಬೆಣ್ಣಿಯೇ ಗತಿ. ಸಾಕಾ?”

“ಸಾಲ್ದ್. ಮೊದ್ಲ್ ಹಂಗಾರಕಟ್ಟೆಗೆ ಹೋಪ. ಮೀನ್ ತರ್ಕ್.”

ಅವನು ಕೀ ತೆಗೆದುಕೊಂಡ. ಹಂಗಾರಕಟ್ಟೆಯ ಬಂದರಿನಲ್ಲಿ ಬಂಗುಡೆ ಕೊಂಡು, ಐಸು ಇನ್ನಷ್ಟು ಹಾಕಿಸಿ, ಚೀಲವನ್ನು ಅದೇ ಜಾಗದಲ್ಲಿ ಇಟ್ಟೆ. ಅವನು ಒಮ್ಮೆ ಅದನ್ನು ನೋಡಿದ, ಒಮ್ಮೆ ನನ್ನನ್ನು. ದಾರಿಯುದ್ದಕ್ಕೂ ನೀರು ಹನಿಯಿತು. ಮಾಬುಕಳ ಸೇತುವೆ ಬಂದಾಗ, ಎರಡೂ ಬದಿಗೆ ಹೊಳೆ ಕಂಡದ್ದೇ, ನನ್ನ ಕೈ ತಾನಾಗಿ ಬಾಗಿಲಿನ ಹಿಡಿಗೆ ಹೋಯಿತು. ಈಗಲೂ ಹೋಗುತ್ತದೆ, ಬೇಡವೆಂದರೂ. ಕಾಲಬುಡದ ಚೀಲವನ್ನು ಮಾತ್ರ ನಾನು ಎತ್ತಲಿಲ್ಲ. ಸೇತುವೆ ದಾಟಿದ ಮೇಲೆ ಹೇಳಿದೆ, “ಬಪ್ಪ ವಾರ ಅಮ್ಮನ್ನ ಇದ್ರಗೇ ಆಸ್ಪತ್ರೆಗೆ ಕರ್ಕಂಡ್ ಹೋಪ.”