ಜಲಜಾಕ್ಷಿ ಟೀಚರ್ ತಡವಾದ ಹದಿನೇಳು ದಿನ

ಜಲಜಾಕ್ಷಿ ಟೀಚರಿಗೆ ಸತ್ತವರ ಮೇಲೂ ಕರುಣೆಯಿರಲಿಲ್ಲ. ಸಾಗರದ ಅವರ ಬೀದಿಯಲ್ಲಿ ಯಾರಾದರೂ ತೀರಿಕೊಂಡು ಸಮಾರಾಧನೆಯ ಕಾರ್ಡು ಬಂದರೆ, ಅದರಲ್ಲಿದ್ದ 'ವೈಕುಂಟ'ದ 'ಟ'ವನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಠ' ಮಾಡಿ, ಊಟಕ್ಕೆ ಹೋದಾಗ ಆ ಮನೆಯವರ ಕೈಗೇ ಕೊಟ್ಟು ಬರುತ್ತಿದ್ದರು.

ತೀರ್ಥಹಳ್ಳಿ ಕಡೆಯ ಅರ್ಚಕರ ಮಗಳು. ಹದಿನಾರನೇ ವಯಸ್ಸಿಗೇ ಪತ್ರಿಕೆಗಳಿಗೆ ಕಾಗದ ಬರೆಯತೊಡಗಿದ್ದರು: ಸೋರುವ ನಲ್ಲಿ, ನಿಂತ ಗಡಿಯಾರ, ಕಾಣೆಯಾದ ಅಂಚೆಯಣ್ಣ. ಪತ್ರಕರ್ತೆಯಾಗುತ್ತೇನೆ ಎಂದಾಗ ಅಪ್ಪ, "ಊರವರ ಮನೆ ಸುದ್ದಿ ಹೇಳೋಕೆ ಕಾಲೇಜಿಗೆ ಎಂತಕ್ಕೆ? ನಿನ್ನ ಅತ್ತೆ ಓದದೇನೇ ಎಲ್ಲ ಕಡೆ ಮುಟ್ಟಿಸ್ತಾಳೆ" ಎಂದು ಬಿ.ಎಡ್.ಗೆ ಸೇರಿಸಿಬಿಟ್ಟರು. ಹೀಗಾಗಿ ಅವರು ಕನ್ನಡ ಟೀಚರಾಗಿ, ಹೊಸನಗರ ದಾರಿಯ ಒಂದು ಸರ್ಕಾರಿ ಪ್ರೌಢಶಾಲೆಗೆ ಬಂದು, ಐವತ್ತೈದು ತುಂಬುವ ಹೊತ್ತಿಗೆ ಹಳೆಯ ಆಸೆಯನ್ನು ಮಕ್ಕಳ ತಲೆಗೆ ಕಟ್ಟಿದರು. ಶಾಲೆಯಲ್ಲಿ 'ಜೀರುಂಡೆ' ಎಂಬ ಪತ್ರಿಕೆ ಶುರುವಾಯಿತು. ತಿಂಗಳಿಗೊಮ್ಮೆ ನಾಲ್ಕು ಪುಟ, ನಲವತ್ತು ಜೆರಾಕ್ಸ್ ಪ್ರತಿ. ಸಂಪಾದಕಿ ಹತ್ತನೇ ತರಗತಿಯ ಹರಿಪ್ರಿಯಾ. ಮಾತು ಕಡಿಮೆ, ಪ್ರಶ್ನೆ ಜಾಸ್ತಿ.

ಮೊದಲ ಸಂಚಿಕೆಯ ಮುಖಪುಟದಲ್ಲೇ 'ಪಿ.ಟಿ. ಮೇಷ್ಟ್ರ ಕೂದಲು ಸೋಮವಾರ ಕಪ್ಪು, ಶನಿವಾರ ಕಂದು' ಎಂಬ ಸುದ್ದಿ ಬಂತು. ಪಿ.ಟಿ. ಮೇಷ್ಟ್ರು ಗಿರಿಧರ ಮೂರು ದಿನ ಟೊಪ್ಪಿಗೆ ಹಾಕಿಕೊಂಡು ಓಡಾಡಿದರು. ನಾಲ್ಕನೇ ದಿನ ಜಲಜಾಕ್ಷಿ ಟೀಚರ್ ಕೂತು ನಿಯಮ ಬರೆದರು. ಕಂಡದ್ದನ್ನು ಬರೆಯಬೇಕು, ಕೇಳಿದ್ದನ್ನು ವಿಚಾರಿಸಿಯೇ ಬರೆಯಬೇಕು. ಯಾರ ಬಗ್ಗೆ ಬರೆಯುತ್ತೇವೋ ಅವರ ಮಾತನ್ನೂ ಹಾಕಬೇಕು. ಒಬ್ಬರ ಮೈ, ಜಾತಿ, ಮನೆಯ ಜಗಳ ಸುದ್ದಿಯಲ್ಲ. ತಪ್ಪಾದರೆ ತಪ್ಪಾದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಬರಬೇಕು. ಕೊನೆಯದನ್ನು ಬರೆಯುವಾಗ ಟೀಚರಿಗೆ ಸ್ವಲ್ಪ ಹುರುಪು ಹೆಚ್ಚಾಗಿತ್ತು: ಶಿಕ್ಷಕರು ಕಾಗುಣಿತ ತಿದ್ದಬಹುದು, ಸುದ್ದಿ ತಡೆಯುವಂತಿಲ್ಲ. ಹೆಡ್ಮಾಸ್ಟರ್ ಸೀತಾರಾಮಪ್ಪ ಎಲ್ಲ ಕಾಗದಕ್ಕೂ ಹಾಕುವಂತೆ ಇದಕ್ಕೂ ಓದದೆ ಸಹಿ ಹಾಕಿದರು. ಹಾಳೆ ಸ್ಟಾಫ್ ರೂಮಿನ ಗೋಡೆ ಸೇರಿತು.

ಆಗಸ್ಟಿನ ಒಂದು ಮಧ್ಯಾಹ್ನ ಹರಿಪ್ರಿಯಾ ನೋಟ್‌ಬುಕ್ಕು ಹಿಡಿದು ಸ್ಟಾಫ್ ರೂಮಿಗೆ ಬಂದಳು.

"ಟೀಚರ್, ಒಂದು ಸುದ್ದಿಗೆ ನಿಮ್ಮ ಹೇಳಿಕೆ ಬೇಕಿತ್ತು."

"ಎಂತ ಸುದ್ದಿನೇ?"

"ಜೂನ್, ಜುಲೈಲಿ ನೀವು ಹದಿನೆಂಟು ದಿನ ತಡವಾಗಿ ಬಂದಿದೀರಿ. ಹಾಜರಿ ಪುಸ್ತಕದಲ್ಲಿ ದಿನಾ ಒಂಬತ್ತೂವರೆ ಅಂತ ಬರ್ದಿದೆ. ಬಿಂದು ಕಿಟಕಿ ಪಕ್ಕ ಕೂರೋದಲ್ವಾ, ನೀವು ಬಸ್ಸಿಳಿಯೋ ಟೈಮು ಬರ್ಕೊಂಡಿದಾಳೆ."

ಜಲಜಾಕ್ಷಿ ಟೀಚರ ಕಿವಿ ಬಿಸಿಯಾಯಿತು. ಸಾಗರದಿಂದ ಅವರು ಹತ್ತುವ ಬಸ್ಸು ದಾರಿಯಲ್ಲಿ ಕಂಡವರನ್ನೆಲ್ಲ ಹತ್ತಿಸಿಕೊಂಡು ಎಷ್ಟೋ ದಿನ ಒಂಬತ್ತು ಐವತ್ತಕ್ಕೆ ತಲುಪುತ್ತಿತ್ತು. ಒಂಬತ್ತೂವರೆ ಎಂದು ಬರೆದು ಬರೆದು, ತಾನು ಒಂಬತ್ತೂವರೆಗೇ ಬರುತ್ತೇನೆಂದು ಅವರೂ ನಂಬಿಬಿಟ್ಟಿದ್ದರು.

"ಇದೂ ಒಂದು ಸುದ್ದಿನಾ?"

"ನಾವು ಐದು ನಿಮಿಷ ತಡ ಆದ್ರೆ ಹೊರಗೆ ನಿಲ್ಲಿಸ್ತೀರಲ್ವಾ ಟೀಚರ್."

"ಇದನ್ನ ಹಾಕೋದು ಬೇಡ."

ಹರಿಪ್ರಿಯಾ ಗೋಡೆಯ ಹಾಳೆಯತ್ತ ನೋಡಿದಳು. ಆಮೇಲೆ, "ಪ್ರತಿಕ್ರಿಯೆ ನೀಡಲಿಲ್ಲ ಅಂತ ಹಾಕ್ಲಾ?" ಎಂದು ಬಹಳ ವಿನಯದಿಂದ ಕೇಳಿದಳು.

ಸಂಜೆ ಮನೆಯಲ್ಲಿ ಪಾತ್ರೆಗಳು ಜೋರಾಗಿ ಮಾತಾಡಿದವು. ಗಂಡ ಉಮಾಪತಿ, ಅಂಚೆ ಇಲಾಖೆಯಿಂದ ನಿವೃತ್ತರಾದವರು, ಪೂರ್ತಿ ಕೇಳಿಸಿಕೊಂಡು, "ಸುಳ್ಳು ಬರ್ದಿದಾರಾ?" ಎಂದರು.

"ಇಲ್ಲ."

"ಮತ್ತೆಂತ ಮಾರಾಯ್ತಿ."

ಮರುದಿನ ಟೀಚರ್ ಹೇಳಿಕೆ ಕೊಟ್ಟರು: "ಬಸ್ಸು ತಡವಾಗುವುದು ನಿಜ. ಪುಸ್ತಕದಲ್ಲಿ ಸುಳ್ಳು ಸಮಯ ಬರೆದದ್ದು ಬಸ್ಸಿನ ತಪ್ಪಲ್ಲ, ನನ್ನದು." ಹರಿಪ್ರಿಯಾ ಬರೆದುಕೊಂಡು, ಇನ್ನೊಮ್ಮೆ ಓದಿ ಹೇಳಿ, ಸರಿಯಿದೆಯಾ ಎಂದು ಕೇಳಿದಳು. ಸರಿಯಿತ್ತು. ಅದೇ ಟೀಚರಿಗೆ ಹೆಚ್ಚು ಉರಿದದ್ದು.

ಸುದ್ದಿ ಮೊದಲ ಪುಟದಲ್ಲಿ ಬಂತು. ಆದರೆ ಆ ವಾರ ಮಳೆಗೆ ಶಾಲೆಗೆ ನಾಲ್ಕು ದಿನ ರಜೆ. ಮಕ್ಕಳ ಚೀಲದಲ್ಲಿ ಪ್ರತಿಗಳು ನೆನೆದು ಮುದ್ದೆಯಾದವು. ಓದಿದವರು ಹತ್ತು ಜನವೂ ಇರಲಿಲ್ಲ. ಅಲ್ಲಿಗೇ ಸುಮ್ಮನಿದ್ದಿದ್ದರೆ ಜಲಜಾಕ್ಷಿ ಟೀಚರ್ ಬಚಾವಾಗುತ್ತಿದ್ದರು. ಸುಮ್ಮನಿರುವುದು ಅವರ ಜಾತಕದಲ್ಲಿರಲಿಲ್ಲ. ಡೈರಿ ತೆಗೆದು ಲೆಕ್ಕ ಹಾಕಿದರು. ಆ ಹದಿನೆಂಟರಲ್ಲಿ ಒಂದು ದಿನ ಅವರು ರಜೆ ಹಾಕಿದ್ದರು. ಬಿಂದು ಅಂದು ಬಸ್ಸಿಳಿದ ಬೇರೆ ಯಾರನ್ನೋ ಟೀಚರೆಂದು ಬರೆದುಕೊಂಡಿದ್ದಳು.

"ಹದಿನೆಂಟಲ್ಲ, ಹದಿನೇಳು. ತಿದ್ದುಪಡಿ ಬರಬೇಕು" ಎಂದು ಹರಿಪ್ರಿಯಾಳ ಮುಂದೆ ಡೈರಿ ಬಡಿದರು.

"ಬರತ್ತೆ ಟೀಚರ್. ತಪ್ಪು ನಮ್ಮದೇ" ಎಂದಳು ಅವಳು.

ಸೆಪ್ಟೆಂಬರಿನ ಸಂಚಿಕೆಯಲ್ಲಿ, ಮೊದಲ ಪುಟದಲ್ಲಿ, ಹಿಂದಿನಷ್ಟೇ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ಜಲಜಾಕ್ಷಿ ಟೀಚರ್ ತಡವಾಗಿ ಬಂದದ್ದು ಹದಿನೇಳು ದಿನ ಮಾತ್ರ. ವಿಷಾದಿಸುತ್ತೇವೆ.' ಆ ದಿನ ಚೊಕ್ಕ ಬಿಸಿಲು. ಪತ್ರಿಕೆ ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ, ಹೋಟೆಲು ಎಲ್ಲ ಸುತ್ತಿತು. ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುತ್ತ, "ಎಂತ ಟೀಚರ್, ಹದಿನೇಳೇ ದಿನ ಅಂತೆ ಅಲ್ವಾ" ಎಂದು ಸಮಾಧಾನ ಹೇಳಿದ.

ಸೀತಾರಾಮಪ್ಪನವರು ಕರೆಸಿದರು. "ಪುಸ್ತಕಕ್ಕೆ ಮೇಲ್ಸಹಿ ನಂದು ಕಣಮ್ಮ. ಮೇಲಿನೋರು ಕೇಳಿದ್ರೆ ನಾನೇನು ಹೇಳ್ಲಿ? ಇವತ್ತೇ ನಿಲ್ಸಿ ಆ ಜೀರುಂಡೇನ."

"ನಿಲ್ಲಿಸ್ಬಹುದು ಸಾರ್. ಎಂತಕ್ಕೆ ನಿಲ್ಲಿಸಿದ್ರಿ ಅಂತ ನಿಮ್ಮ ಹೇಳಿಕೆ ಕೇಳೋಕೆ ಹರಿಪ್ರಿಯಾ ಬರ್ತಾಳೆ. ನಿಯಮಕ್ಕೆ ನೀವೇ ಸಹಿ ಹಾಕಿದ್ದು."

"ಪತ್ರಿಕೆನೇ ಇಲ್ಲ ಅಂದ್ಮೇಲೆ ಎಲ್ಲಿ ಹಾಕ್ತಾಳೆ?"

"ಕರೀ ಹಲಗೆ ಇದೆಯಲ್ಲ ಸಾರ್."

ಪತ್ರಿಕೆ ಉಳಿಯಿತು. ಟೀಚರಿಗೆ ಮಾತ್ರ ಕಾರಣ ಕೇಳಿ ಒಂದು ನೋಟಿಸು ಬಂತು. ಅದರ ಮೂರು ಕಾಗುಣಿತದ ತಪ್ಪು ತಿದ್ದಿ, ಕೆಳಗೆ 'ತಪ್ಪಾಗಿದೆ, ಇನ್ನು ಸರಿಯಾದ ಸಮಯವನ್ನೇ ಬರೆಯುತ್ತೇನೆ' ಎಂದು ಉತ್ತರ ಬರೆದುಕೊಟ್ಟರು. ಕೊಟ್ಟು ಹೊರಗೆ ಬಂದಾಗ ಹರಿಪ್ರಿಯಾ ಜಗುಲಿಯಲ್ಲಿ ನಿಂತಿದ್ದಳು. ಬೈಯಬೇಕೆಂದುಕೊಂಡರು. ಬಾಯಿಗೆ ಬಂದದ್ದು, "ವರದಿ ಚೆನ್ನಾಗಿತ್ತು. ಕೊನೇ ಸಾಲು ಉದ್ದ ಆಯ್ತು."

ಈಗ ಅವರು ಏಳೂವರೆಯ ಬಸ್ಸಿಗೆ ಹೊರಡುತ್ತಾರೆ. ಶಾಲೆಯ ಬೀಗ ತೆಗೆಯುವ ಮೊದಲೇ ತಲುಪಿ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಉಮಾಪತಿಯವರು ತಮ್ಮ ದೋಸೆ ತಾವೇ ಹೊಯ್ದುಕೊಳ್ಳುವುದನ್ನು ಕಲಿಯುತ್ತಿದ್ದಾರೆ. ಮೊದಲನೆಯದು ಇನ್ನೂ ಕಾವಲಿ ಬಿಟ್ಟು ಏಳುವುದಿಲ್ಲ.