ಕಾಫಿ ಕೊಡುವ ರೀಲು

ಆ ಮಂಗಳವಾರ ಬೇರೆ ಮಂಗಳವಾರಗಳ ಹಾಗೇ ಇತ್ತು.

ಬಾಲವಾಡಿ ಮುಗಿಸಿ ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಕೊಟ್ಟಿಗೆ ಪಕ್ಕದ ಚಪ್ಪರದ ಕೆಳಗೆ ನಮ್ಮ ಅತ್ತಿಗೆ, ಕೆಲಸಕ್ಕೆ ಬರುವ ಕೆಂಪಕ್ಕ, ಇನ್ನೂ ಮೂರು ನಾಲ್ಕು ಜನ ಹೆಂಗಸರು ಕೂತು ಕೊಬ್ಬರಿ ಬಿಡಿಸುತ್ತಿದ್ದರು. ವರ್ಷವೆಲ್ಲ ಅಟ್ಟದ ಮೇಲೆ ಒಣಗಿದ ಕಾಯಿ. ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದು. ಸುತ್ತಲೂ ತಟ್ಟಿ ಚಿಪ್ಪು ಒಡೆಯಬೇಕು, ಕೊಬ್ಬರಿ ಉಂಡೆಯಾಗಿಯೇ ಈಚೆ ಬರಬೇಕು. (ತಿಪಟೂರು ಸೀಮೆಯವರಿಗೆ ಇದನ್ನೆಲ್ಲ ಹೇಳುತ್ತಿದ್ದಾಳಲ್ಲ ಅಂತ ನಗಬೇಡಿ. ನಮ್ಮ ಪೇಪರು ಈಗ ಬೆಂಗಳೂರಿಗೂ ಹೋಗುತ್ತದಂತೆ.)

ಅತ್ತಿಗೆ ಸಿನಿಮಾ ಕಥೆ ಹೇಳುತ್ತಿದ್ದರು. ಹಿಂದಿನ ವಾರ ತಿಪಟೂರಿನ ಅಕ್ಕನ ಮನೆಗೆ ಹೋದವರು ಮ್ಯಾಟಿನಿ ನೋಡಿಕೊಂಡು ಬಂದಿದ್ದರು. ನರ್ಸ್ ಒಬ್ಬಳ ಕಥೆ. ಅಪ್ಪ ಇಲ್ಲದ ಮನೆಯಲ್ಲಿ ತಮ್ಮಂದಿರಿಬ್ಬರನ್ನು ಓದಿಸಿ ದೊಡ್ಡವರನ್ನಾಗಿ ಮಾಡಿದ್ದಾಳೆ. ನಲವತ್ತರ ಹತ್ತಿರ ಬಂದಾಗ ಆಸ್ಪತ್ರೆಯ ಕಾಂಪೌಂಡರ್ ಒಬ್ಬರು ಮದುವೆಯಾಗೋಣವಾ ಅಂತ ಕೇಳುತ್ತಾರೆ. ಮನೆಯಲ್ಲಿ ಕೂಗಾಟ. ಮರುದಿನ ನರ್ಸಮ್ಮ ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಬಸ್ಸು ಬಂತು.

"ಹತ್ತಿದ್ಲಾ?" ಅಂದಳು ಕೆಂಪಕ್ಕ.

"ಇಂಟರ್‌ವಲ್" ಅಂದರು ಅತ್ತಿಗೆ. "ಬಾಯಿ ಒಣಗೋಯ್ತು. ಮಿಕ್ಕಿದ್ದು ನಾಳೆ."

"ಬಸ್ಸು ನಿಲ್ಸಿ ಎದ್ಬುಟ್ರಲ್ಲ ಗಂಗಮ್ನೋರೆ."

"ನಿಂತಿರ್ಲಿ ಬುಡು. ನೊಣವಿನಕೆರೆ ಬಸ್ಸು ನಿಲ್ಲಲ್ವಾ, ಡ್ರೈವರ್ ಊಟ ಮಾಡಿ ಬರೋಗಂಟ."

ಎಲ್ಲರೂ ನಕ್ಕರು. ಅತ್ತಿಗೆ ಸೆರಗು ಕೊಡವಿಕೊಂಡು ನೀರು ಕುಡಿಯಲು ಒಳಗೆ ಹೋದರು.

ಬುಧವಾರ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದ ಅತ್ತಿಗೆ ಕೊಡ ಕೆಳಗಿಟ್ಟು ಜಗಲಿ ಮೇಲೆ ಕೂತರು. "ಯಾಕೋ ಎದೆ ಹಿಡ್ಕಂಡಂಗಾಯ್ತದೆ" ಅಂದರು. ಅಣ್ಣ ಕಾರು ತರಲು ಓಡಿದ. ಕಾರು ಬರುವ ಹೊತ್ತಿಗೆ ಅದರ ಅಗತ್ಯ ಇರಲಿಲ್ಲ.

ಎರಡು ವಾರ ಈ ಜಾಗದಲ್ಲಿ ನನ್ನ ಬರಹ ಇರಲಿಲ್ಲ. ಕೆಲವರು ಕಾರ್ಡು ಬರೆದು ವಿಚಾರಿಸಿದ್ದೀರಿ. ಕಾರಣ ಇದು.

ಸಿನಿಮಾದಲ್ಲಿ ಹೆಂಗಸರನ್ನು ತೋರಿಸುವ ರೀತಿಯ ಬಗ್ಗೆ ನಾನು ಇಲ್ಲಿ ಬರೆದಾಗಲೆಲ್ಲ "ಈ ಟೀಚರಮ್ಮನಿಗೆ ಸಿನಿಮಾ ಕಂಡರೇ ಆಗದು" ಅಂದವರಿದ್ದಾರೆ. ತಪ್ಪು. ನನ್ನ ಜೀವ ಉಳಿಸಿದ್ದೇ ಒಂದು ಸಿನಿಮಾ. ಸರಿಯಾಗಿ ಹೇಳಬೇಕೆಂದರೆ, ಆ ಸಿನಿಮಾದಲ್ಲಿ ಇಲ್ಲದ ಒಂದು ರೀಲು.

ಎಮರ್ಜೆನ್ಸಿಗೂ ಮುಂಚಿನ ಮಾತು. ನಾನು ಗಂಡನ ಮನೆಯಿಂದ ಮೂರನೇ ಸಲ ತವರಿಗೆ ಬಂದಿದ್ದೆ. ತುರುವೇಕೆರೆ ಕಡೆಯ ಊರು, ತೋಟ ಇದ್ದ ಮನೆ. ಅಲ್ಲಿ ಏನಾಯಿತು ಅಂತ ಉದ್ದಕ್ಕೆ ಬರೆಯುವುದಿಲ್ಲ. ನನ್ನ ಎಡಗೈ ಕಿರುಬೆರಳು ಇವತ್ತಿಗೂ ಮಡಚುವುದಿಲ್ಲ. ಅಷ್ಟು ಹೇಳಿದರೆ ಸಾಕಲ್ಲ?

ಮೊದಲೆರಡು ಸಲ ಹಿರಿಯರು ಕೂತು ಮಾತಾಡಿ ವಾಪಸ್ ಕಳಿಸಿದ್ದರು. ಮೂರನೇ ಸಲವೂ ಕಳಿಸುವುದು ಅಂತಲೇ ಮಾತಾಗಿತ್ತು. ಅಣ್ಣ ಕೆಟ್ಟವನಲ್ಲ. ಕೊಟ್ಟ ಮನೆ ಬಿಟ್ಟು ಬಂದ ತಂಗಿಯನ್ನು ಊರಿನವರ ಮುಂದೆ ಏನಂತ ಹೇಳಿಕೊಳ್ಳಬೇಕು ಅನ್ನುವುದು ಅವನಿಗೆ ತಿಳಿದಿರಲಿಲ್ಲ. ನನಗಾದರೂ ಎಲ್ಲಿ ತಿಳಿದಿತ್ತು?

ಆ ದಿನಗಳಲ್ಲಿ ಅತ್ತಿಗೆ ಇದೇ ಚಪ್ಪರದ ಕೆಳಗೆ ಒಂದು ಕಥೆ ಹೇಳಿದರು. ಅವರೊಬ್ಬರೇ ನಮ್ಮ ಬೀದಿಯಲ್ಲಿ ತಿಂಗಳಿಗೊಮ್ಮೆ ತಿಪಟೂರಿಗೆ ಹೋಗುತ್ತಿದ್ದವರು. ಅವರು ನೋಡಿದ ಸಿನಿಮಾ ಉಳಿದವರೆಲ್ಲರ ಪಾಲಿಗೂ ನೋಡಿದ ಹಾಗೇ.

ಗಂಡ ಅನುಮಾನಪಟ್ಟು ಹೆಂಡತಿಯನ್ನು ಮಳೆಯಲ್ಲಿ ಹೊರಗೆ ಹಾಕುತ್ತಾನೆ. (ಸಿನಿಮಾದಲ್ಲಿ ಹೆಂಗಸರನ್ನು ಹೊರಗೆ ಹಾಕುವ ದಿನವೇ ಮಳೆ ಬರುತ್ತದೆ, ಗಮನಿಸಿದ್ದೀರಾ?) ಅವಳು ಹೊಲಿಗೆ ಮಿಷನ್ ಇಟ್ಟುಕೊಂಡು ಬದುಕುತ್ತಾಳೆ. ಕೊನೆಗೆ ಗಂಡನಿಗೆ ಬುದ್ಧಿ ಬಂದು ಹುಡುಕಿಕೊಂಡು ಬರುತ್ತಾನೆ.

"ಆಮೇಲೆ?" ಅಂದಳು ಕೆಂಪಕ್ಕ.

"ಆಮೇಲೇನು. ಬಾಗಿಲಲ್ಲಿ ನಿಂತೋನ್ನ ಒಳಕ್ಕೆ ಕರೀತಾಳೆ. ಚಾಪೆ ಹಾಕ್ತಾಳೆ. ಕಾಫಿ ಕೊಡ್ತಾಳೆ. ಕುಡೀತಾನೆ. 'ಬಿಸ್ಲು ಏರೋದ್ರೊಳಗೆ ಹೊರಡಿ' ಅಂತಾಳೆ. ಹೋಗ್ತಾನೆ. ಅವಳು ಲೋಟ ತೊಳ್ದು ಬೋರಲು ಹಾಕಿ, ಬಂದು ಮಿಷನ್ ಮುಂದೆ ಕೂತ್ಕೊಂಡು ತುಳಿಯಕ್ಕೆ ಶುರು ಮಾಡ್ತಾಳೆ. ಶುಭಂ."

"ಒಂದ್ ಮಾತೂ ಬೈಯಲ್ವಾ ಅವನ್ನ?"

"ಬೈದ್ರೆ ಜಗಳಕ್ಕೆ ಕೂತ್ಕಂಡ್ ಬುಡ್ತಾನೆ ಕಣೇ. ಕಾಫಿ ಕೊಟ್ರೆ ಎದ್ದು ಹೋಗ್ತಾನೆ."

ನಾನು ತಲೆ ಎತ್ತದೆ ಕೈಯಲ್ಲಿದ್ದ ಕಾಯಿ ತಟ್ಟಿದೆ. ಹೀಗೂ ಒಂದು ಸಿನಿಮಾ ಮುಗಿಯಬಹುದು ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ಪಕ್ಕದೂರಿನಲ್ಲಿ ಟೆಂಟ್ ಹಾಕಿದವರು ಅದೇ ಸಿನಿಮಾ ತಂದರು. ಭಾನುವಾರ ಬಂದು ಕರೆದುಕೊಂಡು ಹೋಗುತ್ತೇವೆ ಅಂತ ಗಂಡನ ಮನೆಯಿಂದ ಕಾಗದ ಬಂದದ್ದೂ ಅದೇ ವಾರ. ಅತ್ತಿಗೆ "ಬೇಡ ಕಣ್ರೇ, ಕಥೆ ಕೇಳಿದೀರಲ್ಲ" ಅಂತ ಎಷ್ಟು ಹೇಳಿದರೂ ಹೆಂಗಸರು ಬಿಡಲಿಲ್ಲ. ಕಾಫಿ ಕೊಡೋದನ್ನ ಕಣ್ಣಲ್ಲಿ ನೋಡಬೇಕು ಅಂದರು. ಅಣ್ಣನೇ ಗಾಡಿ ಕಟ್ಟಿದ. ಮೊದಲನೇ ಆಟ.

ಟೆಂಟಿನ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ. ಆ ಕಡೆ ಗಂಡಸರು, ಈ ಕಡೆ ನಾವು. ಮಳೆ ಬಂತು, ಹೊರಗೆ ಹಾಕಿದ, ಮಿಷನ್ ಬಂತು. ಎಲ್ಲ ಅತ್ತಿಗೆ ಹೇಳಿದ ಹಾಗೇ. ಕೊನೆಗೆ ಗಂಡ ಬಾಗಿಲಲ್ಲಿ ನಿಂತ. ನಮ್ಮವರೆಲ್ಲ ಒಂದಿಷ್ಟು ಮುಂದಕ್ಕೆ ಸರಿದರು.

ಅವಳು ಓಡಿ ಬಂದು ಅವನ ಕಾಲ ಮೇಲೆ ಬಿದ್ದಳು. ಕಣ್ಣೀರಿನಲ್ಲಿ ಪಾದ ತೊಳೆದಳು. ಶುಭಂ. ದೀಪ ಹತ್ತಿತು.

ಹೆಂಗಸರ ಕಡೆ ಯಾರೂ ಏಳಲಿಲ್ಲ.

ಟೆಂಟಿನ ಮ್ಯಾನೇಜರು ಎರಡನೇ ಆಟಕ್ಕೆ ಜಾಗ ಬಿಡಿಸಲು ಬಂದ. ಕೆಂಪಕ್ಕ ಕೂತಲ್ಲಿಂದಲೇ ಕೇಳಿದಳು. "ಕಾಫಿ ಎಲ್ಲಪ್ಪ?"

"ಹೊರಗೆ ಅಂಗಡಿ ಐತೆ ನೋಡಮ್ಮ."

"ಅದಲ್ಲ ಕಣಪ್ಪ. ಕಾಫಿ ಕೊಡೋ ರೀಲು. ಅದನ್ನ ಎಲ್ಲಿ ಮಡಿಕ್ಕಂಡಿದೀಯ?"

"ಯಾವ ರೀಲೂ ಮಡಿಕ್ಕಂಡಿಲ್ಲ. ಸಿನಿಮಾ ಇರೋದೇ ಇಷ್ಟು."

"ಅದೆಂಗಪ್ಪ ಇಷ್ಟೇ? ಅಷ್ಟು ಚೆನ್ನಾಗಿ ಬಟ್ಟೆ ಹೊಲ್ಕಂಡಿದ್ದೋಳು ಹೋಗಿ ಅವನ ಕಾಲಿಗೆ ಬೀಳ್ತಾಳಾ? ಯಾರನ್ನ ಯಾಮಾರಿಸ್ತೀಯ?"

(ಟೆಂಟಿನವರು ಬೇಗ ಮುಗಿಸಲು ಒಂದೊಂದು ರೀಲು ಹಾರಿಸುವುದು ಆಗ ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಅನುಮಾನಕ್ಕೆ ಆಧಾರವೇ ಇರಲಿಲ್ಲ ಅನ್ನುವಂತಿಲ್ಲ.)

ಉಳಿದವರೂ ದನಿಗೂಡಿಸಿದರು. ಕೊನೆಗೆ ಅವನು ಸೋತು, "ಬಾರಮ್ಮ, ಬೇಕಾದ್ರೆ ಡಬ್ಬ ನೋಡ್ಕೋ" ಅಂದ. ಕೆಂಪಕ್ಕ ಸಿನಿಮಾ ಬಿಡುವ ಮಿಷನ್ ರೂಮಿಗೆ ಹೋಗಿ ಒಂದೊಂದು ಡಬ್ಬವನ್ನೂ ಮುಟ್ಟಿ ನೋಡಿಯೇ ಬಂದಳು. ನಂಬಿಕೆ ಮಾತ್ರ ಬರಲಿಲ್ಲ. ಅತ್ತಿಗೆ ಅಷ್ಟು ಹೊತ್ತೂ ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದರು. ಅವರ ಭುಜ ಕುಲುಕುತ್ತಿತ್ತು.

ಗಾಡಿಯಲ್ಲಿ ಅವರ ಪಕ್ಕ ಕೂತು ಮೆಲ್ಲಗೆ ಕೇಳಿದೆ. "ಅತ್ಗೆ, ಆ ರೀಲು..."

"ಸಿನಿಮಾದೋರು ಮರ್ತಿದ್ರು. ನಾನು ಹಾಕ್ದೆ."

ಗಾಡಿ ಸ್ವಲ್ಪ ದೂರ ಬಂದ ಮೇಲೆ ಅವರೇ ಕೇಳಿದರು. "ನಿಂಗೆ ಯಾವ್ದು ಸರಿ ಅನ್ನಿಸ್ತು ಸುಶೀಲ? ಅವರದಾ, ನಂದಾ?"

 

ಸಿನಿಮಾ ಮಾಡುವವರನ್ನು ಕೇಳಿ ನೋಡಿ. ಕಾಲಿಗೆ ಬೀಳುವ ಸೀನು ಇಲ್ಲದಿದ್ದರೆ ಹೆಂಗಸರೇ ಬರುವುದಿಲ್ಲ, ಅವರಿಗೆ ಅದೇ ಇಷ್ಟ ಅನ್ನುತ್ತಾರೆ. ಯಾವ ಹೆಂಗಸರು? ಯಾರು ಕೇಳಿದರು? ಕೊಬ್ಬರಿ ಬಿಡಿಸುವ ಅರ್ಧ ಡಜನ್ ಹೆಂಗಸರಿಗೆ ಒಂದೇ ಒಂದು ಸಲ ಬೇರೆ ಕೊನೆ ಸಿಕ್ಕಿತು. ಅದೇ ನಿಜವಾದದ್ದು, ತೆರೆಯ ಮೇಲಿನದು ಕಳ್ಳ ಮಾಲು ಅಂತ ಅವರು ಟೆಂಟಿನವನ ಜೊತೆ ಜಗಳಕ್ಕೆ ನಿಂತರು.

ಭಾನುವಾರ ಬಂತು. ನನ್ನ ಟ್ರಂಕು ನಡುಮನೆಯಲ್ಲಿ ಸಿದ್ಧವಾಗಿತ್ತು. ಗಂಡನಾಗಿದ್ದವರು ತಮ್ಮ ದೊಡ್ಡಪ್ಪನ ಜೊತೆ ಬಂದು ಜಗಲಿ ಮೇಲೆ ಕೂತರು. ಮಳೆ, ಬೆಳೆ, ಕೊಬ್ಬರಿ ರೇಟು ಎಲ್ಲ ಮಾತಾಯಿತು. ಬಂದವರಿಗೆ ಕಾಫಿ ಕೊಡುವುದು ನಮ್ಮ ಮನೆಯಲ್ಲಿ ಯಾವಾಗಲೂ ಅತ್ತಿಗೆಯೇ. ಅವತ್ತು ತಟ್ಟೆಯಲ್ಲಿ ಲೋಟಗಳನ್ನು ಇಟ್ಟು ನನ್ನ ಕೈಗೆ ಕೊಟ್ಟರು.

"ನೀನೇ ಕೊಡು" ಅಂದರು. ಅಷ್ಟೇ.

ಕೊಟ್ಟೆ. ಇಬ್ಬರೂ ಕುಡಿದರು. ಲೋಟ ವಾಪಸ್ ತೆಗೆದುಕೊಳ್ಳುತ್ತಾ ಹೇಳಿದೆ. "ಬಿಸಿಲು ಏರೋದ್ರೊಳಗೆ ಹೊರಡಿ."

"ಟ್ರಂಕು ತಗೊಂಡ್ ಬಾ, ಹೋಗಣ" ಅಂದರು ಅವರು.

"ಟ್ರಂಕು ಇಲ್ಲೇ ಇರುತ್ತೆ."

ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಮೊದಲು ಅರ್ಥವಾದದ್ದು ದೊಡ್ಡಪ್ಪನಿಗೆ. "ಏನವ್ವ ಇದು? ಗಂಡನ್ನ ಒಬ್ಬನ್ನೇ ಕಳಿಸ್ತೀಯಾ?"

ಅಡಿಗೆಮನೆ ಬಾಗಿಲ ಹಿಂದಿನಿಂದ ಅತ್ತಿಗೆಯ ದನಿ ಬಂತು. "ಒಬ್ರೇ ಯಾಕೆ ಯಜಮಾನ್ರೆ, ನೀವು ಬಂದಿದೀರಲ್ಲ ಜೊತೆಗೆ."

ಅವರು ಹೋದ ಮೇಲೆ ಅಣ್ಣ ಬಹಳ ಹೊತ್ತು ಕಂಬಕ್ಕೆ ಒರಗಿ ಕೂತಿದ್ದ. ಆಮೇಲೆ ಅತ್ತಿಗೆಯನ್ನು ಕೇಳಿದ. "ಇದನ್ನೆಲ್ಲ ಅವಳಿಗೆ ಯಾರು ಹೇಳ್ಕೊಟ್ಟಿದ್ದು?"

"ಸಿನಿಮಾದಲ್ಲಿ ಬಂದಿತ್ತಲ್ಲ."

"ನಾನೂ ನೋಡಿದೀನಿ ಕಣೇ. ಅದ್ರಲ್ಲಿ ಹಂಗೆ ಬರಲ್ಲ."

"ಗಂಡಸರ ಕಡೆ ಕೂತ್ರೆ ಕಾಣಲ್ಲ ಕಣ್ರೀ" ಅಂದರು ಅತ್ತಿಗೆ. "ಹೆಂಗಸರ ಕಡೆ ಕಾಣುತ್ತೆ."

ಅಣ್ಣ ಎದ್ದು ಟ್ರಂಕನ್ನು ತಾನೇ ಎತ್ತಿ ಒಳಕೋಣೆಯಲ್ಲಿ ಇಟ್ಟ.

ಮರುವಾರ ಅವನನ್ನು ತಾಲ್ಲೂಕು ಆಫೀಸಿಗೆ ಅಟ್ಟಿ, ಮದುವೆಯಾದಾಗ ಹೊಡೆದುಹಾಕಿದ್ದ ನನ್ನ ಹೆಸರನ್ನು ರೇಷನ್ ಕಾರ್ಡಿಗೆ ಮತ್ತೆ ಸೇರಿಸಿದವರು ಅತ್ತಿಗೆ. ಟ್ರಂಕಿನ ತಳದಲ್ಲಿ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಕೊಳೀತಾ ಐತಲ್ಲ, ತೆಗಿ ಈಚೆಗೆ ಅಂದವರೂ ಅವರೇ. ಬಾಲವಾಡಿ ಕೆಲಸ ಅದರಿಂದ ಬಂತು. ಈ ಅಂಕಣವೂ ಅದರಿಂದಲೇ. ಹೆಂಗಸರ ಹಕ್ಕು ಅನ್ನುವ ಮಾತನ್ನು ನಾನು ಭಾಷಣಗಳಲ್ಲಿ ಕೇಳಿದ್ದು ಬಹಳ ತಡವಾಗಿ. ಅತ್ತಿಗೆಯ ಬಾಯಲ್ಲಿ ಆ ಮಾತು ಒಮ್ಮೆಯೂ ಬರಲಿಲ್ಲ. ಅವರು ನನಗೆ ಕೊಟ್ಟದ್ದು ಎರಡು ಲೋಟ ಇದ್ದ ಒಂದು ತಟ್ಟೆ.

ಕಥೆ ಕೇಳಿದ ಹೆಂಗಸರೆಲ್ಲ ಹೀಗೇ ಎದ್ದು ನಿಂತರು ಅಂತ ಬರೆದರೆ ಅದು ಸುಳ್ಳಾಗುತ್ತದೆ. ಟೆಂಟಿನವನ ಜೊತೆ ಅಷ್ಟು ಜಗಳ ಆಡಿದ ಕೆಂಪಕ್ಕ ಮನೆಗೆ ಹೋಗಿ ಕುಡಿದು ಬಂದ ಗಂಡನಿಗೆ ಮುದ್ದೆ ಕಟ್ಟಿದಳು, ಮರುದಿನ ಕೆನ್ನೆ ಊದಿಸಿಕೊಂಡು ಕೆಲಸಕ್ಕೆ ಬಂದಳು. ನನಗೆ ಕಾಫಿ ಕಾಯಿಸಿಕೊಡುವ ಅತ್ತಿಗೆ ಇದ್ದರು, ಟ್ರಂಕು ಇಡಲು ಒಂದು ಕೋಣೆ ಇತ್ತು. ಎಲ್ಲರಿಗೂ ಅದು ಎಲ್ಲಿರುತ್ತದೆ?

ಅತ್ತಿಗೆಗೆ ನಾನು ಥ್ಯಾಂಕ್ಸ್ ಹೇಳಿದವಳಲ್ಲ. ನಮ್ಮ ಮನೆಗಳಲ್ಲಿ ಯಾರು ಯಾರಿಗೆ ಹೇಳುತ್ತಾರೆ? ಈಗ ಇಲ್ಲಿ ಬರೆಯುತ್ತಿದ್ದೇನೆ. ಓದು ಬಾರದ ಅವರಿಗೆ ವಾರವಾರ ಈ ಅಂಕಣವನ್ನು ನಾನೇ ಓದಿ ಹೇಳುತ್ತಿದ್ದೆ.

ಕಳೆದ ಭಾನುವಾರ ತಿಪಟೂರಿಗೆ ಹೋಗಿ ಆ ನರ್ಸಮ್ಮನ ಸಿನಿಮಾ ನೋಡಿದೆ. ಒಬ್ಬಳೇ. ಸೋಮವಾರ ಚಪ್ಪರದ ಕೆಳಗೆ ಮತ್ತೆ ಕೆಲಸ ಶುರುವಾಗಿತ್ತು. ಅತ್ತಿಗೆ ಕೂರುತ್ತಿದ್ದ ಜಾಗವನ್ನು ಯಾರೂ ಹಿಡಿದಿರಲಿಲ್ಲ.

"ನೋಡ್ಕಂಡ್ ಬಂದ್ಯಂತಲ್ಲ ಟೀಚರಮ್ಮ" ಅಂದಳು ಕೆಂಪಕ್ಕ. "ಮುಂದಕ್ಕೆ ಹೇಳು."

ಹೇಳಿದೆ. ನರ್ಸಮ್ಮ ಬಸ್ಸು ಹತ್ತಲಿಲ್ಲ. ತಮ್ಮ ಓಡಿ ಬಂದು ಅಕ್ಕಾ ಅಂತ ಕರೆದ, ಮನೆಗೆ ತಿರುಗಿದಳು. ತನಗೆಂದು ಮಾಡಿಸಿಕೊಂಡಿದ್ದ ಸರವನ್ನು ತಮ್ಮನ ಹೆಂಡತಿಗೆ ಹಾಕಿದಳು. ಕೆಮ್ಮಿ ಕೆಮ್ಮಿ ಸತ್ತಳು. ಮನೆಯವರೆಲ್ಲ ಅತ್ತರು.

"ಇದಲ್ಲ ಬುಡು" ಅಂದಳು ಕೆಂಪಕ್ಕ. "ಗಂಗಮ್ನೋರು ಹಿಂಗೆ ಹೇಳ್ತಿರ್ನಿಲ್ಲ."

"ಹೆಂಗೆ ಹೇಳ್ತಿದ್ರು?"

ಬಸ್ಸು ಹತ್ತಿಸುತ್ತಿದ್ದರು ಅಂದಳು ಒಬ್ಬಳು. ಬಸ್ಸಿನೊಳಗೆ ಕಾಂಪೌಂಡರ್ ಮೊದಲೇ ಸೀಟು ಹಿಡಿದು ಕೂತಿರುತ್ತಿದ್ದ ಅಂದಳು ಇನ್ನೊಬ್ಬಳು. "ಡ್ರೈವರ್‌ನ ಇಳಿಸಿ ಅವಳೇ ಬಸ್ಸು ಓಡಿಸ್ಕಂಡ್ ಹೋದ್ಲು ಅಂತಿದ್ರು ಕಣ್ರೇ" ಅಂದಳು ಕೆಂಪಕ್ಕ. ಎರಡು ವಾರದಲ್ಲಿ ಮೊದಲ ಸಲ ಎಲ್ಲರೂ ನಕ್ಕೆವು. ಆಮೇಲೆ ಅದೂ ಅಲ್ಲ ಅನ್ನಿಸಿ ಮತ್ತೆ ಕಾಯಿ ಕೈಗೆ ತೆಗೆದುಕೊಂಡೆವು.

ನಾನೂ ಯೋಚಿಸಿದೆ. ವಾರಕ್ಕೊಂದು ಅಂಕಣ ಬರೆಯುವವಳಿಗೆ ಒಂದು ಕೊನೆ ಹೊಳೆಯಬಾರದೇ? ಹೊಳೆಯಲಿಲ್ಲ.

ಇಂಟರ್‌ವಲ್‌ವರೆಗಿನ ಕಥೆ ನಮ್ಮ ಹತ್ತಿರ ಇದೆ. ಉಳಿದರ್ಧ ಇಲ್ಲ.