ಹೊಡೆಯುತ್ತಿರುವವನಿಗೆ ಹೇಳಬಾರದ ಮಾತು

ವರ್ನ್ ಟಕೆಟ್ ಬೇಸ್‌ಬಾಲ್ ಬ್ಯಾಟಿಂಗ್ ಕೋಚ್ ಆಗಿ ಇಪ್ಪತ್ತಾರು ವರ್ಷ, ಒಂಬತ್ತು ಊರು ತಿರುಗಿದವನು. ತಾನು ದೊಡ್ಡ ಲೀಗಿನಲ್ಲಿ ಆಡಿದ್ದು ಏಳೇ ಪಂದ್ಯ. ಯಾರಾದರೂ ಅದನ್ನು ಕೆದಕಿದರೆ, "ಏಳಾದ್ರೂ ಆಡ್ದೆ ಕಣೋ. ನೀನು ಟಿಕೆಟ್ ತಗೊಂಡೇ ಒಳಗೆ ಹೋಗ್ಬೇಕು" ಎಂದು ಬಾಯಿ ಮುಚ್ಚಿಸುತ್ತಿದ್ದ. ಟೆನೆಸ್ಸಿಯ ಸಣ್ಣ ತಂಡಕ್ಕೆ ಬರುವಷ್ಟರಲ್ಲಿ ಅವನ ಎರಡೂ ಮಂಡಿ ಕೆಟ್ಟಿದ್ದವು. ಆದರೂ ಮಧ್ಯಾಹ್ನ ಒಂದಕ್ಕೆಲ್ಲ ಬ್ಯಾಟಿಂಗ್ ಅಭ್ಯಾಸದ ಬಲೆಯೊಳಗೆ ಬಕೆಟ್ ಬೋರಲು ಹಾಕಿ ಕೂತು, ಒಬ್ಬೊಬ್ಬ ಆಟಗಾರನಿಗೂ ಮೆಲ್ಲಗೆ ಚೆಂಡು ಎಸೆಯುತ್ತಿದ್ದ. ನೂರು, ಇನ್ನೂರು, ಕೈ ಸೋಲುವವರೆಗೆ. ಬೈಗುಳ ಧಾರಾಳ. ಹೆಂಡತಿ ಲೊರೆಟಾ ಹುಡುಗರಿಗೆಂದು ಕಳಿಸುತ್ತಿದ್ದ ಪೀಚ್ ಹಣ್ಣಿನ ಪೈ ಅದಕ್ಕಿಂತ ಧಾರಾಳ.

ವಿಕೆಟ್ ಕೀಪರಿನ ಹಾಗೆ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಡೆಸ್ಮಂಡ್ ಪ್ರೂಯಿಟ್ ಮೇಲೆ ಅವನಿಗೆ ಹೆಚ್ಚು ಅಕ್ಕರೆ. ಡೆಸ್ಮಂಡನಿಗೆ ಇಪ್ಪತ್ತೊಂಬತ್ತು, ದೊಡ್ಡ ಲೀಗಿಗೆ ಹೋದರೆ ಈಗ ಹೋಗಬೇಕು, ಇಲ್ಲವಾದರೆ ಇಲ್ಲ. ಆ ಮೇ ತಿಂಗಳಲ್ಲಿ ಅವನು ಸತತ ಹದಿನೇಳು ಪಂದ್ಯ ಚೆನ್ನಾಗಿ ಹೊಡೆದ. ಹೀಗೆ ಹೊಡೆತ ಹತ್ತಿದವನ ಬ್ಯಾಟಿನ ಬಗ್ಗೆ ಯಾರೂ ತುಟಿ ಬಿಚ್ಚಬಾರದು, ಅದು ಈ ಆಟದವರ ಕಟ್ಟಳೆ. ಅದೃಷ್ಟ ಕೈಕೊಟ್ಟೀತೆಂದು ಅಂಥವನು ಕಾಲುಚೀಲವನ್ನೂ ಒಗೆಯುವುದಿಲ್ಲ! ಆದರೆ ವರ್ನ್ ಕಣ್ಣಿಗೆ ತಪ್ಪೊಂದು ಬಿದ್ದಿತ್ತು. ಚೆಂಡು ಬರುವ ಮೊದಲೇ ಡೆಸ್ಮಂಡನ ಮುಂದಿನ ಭುಜ ತೆರೆದುಕೊಳ್ಳುತ್ತಿತ್ತು. ಮೈಯಿಂದ ದೂರ ಬಂದ ಚೆಂಡು ಬ್ಯಾಟಿಗೆ ಸಿಗುತ್ತಿರಲಿಲ್ಲ. ಇಲ್ಲಿಯ ಎಸೆತಗಾರರಿಗೆ ಅದು ಹೊಳೆದಿರಲಿಲ್ಲ, ಅಷ್ಟೇ.

ಹಿಂದೊಮ್ಮೆ ಇಂಥ ಹೊತ್ತಿನಲ್ಲೇ ಬಾಯಿಬಿಟ್ಟು ವರ್ನ್ ಒಬ್ಬನ ಹೊಡೆತವನ್ನೇ ಕೆಡಿಸಿದ್ದ. ಆತ ಆಟ ಬಿಟ್ಟು ಮನೆಗಳಿಗೆ ಸೂರು ಹೊದಿಸಲು ಹೋದ. ಆ ಭಯಕ್ಕೆ ಈ ಸಲ ಬಾಯಿ ಬಿಗಿಹಿಡಿದ.

ದೊಡ್ಡ ಲೀಗಿನಿಂದ ಡೆಸ್ಮಂಡನಿಗೆ ಕರೆ ಬಂತು. ಒಂಬತ್ತೇ ದಿನ. ಅಲ್ಲಿಯ ಎಸೆತಗಾರರು ಎರಡೇ ಪಂದ್ಯದಲ್ಲಿ ತಪ್ಪು ಹಿಡಿದು, ಮೈಯಿಂದ ದೂರದೂರಕ್ಕೇ ಎಸೆದು ಅವನನ್ನು ವಾಪಸ್ ಅಟ್ಟಿದರು. ಅವನು ಬ್ಯಾಗ್ ಸಮೇತ ನೇರ ಬಲೆಗೇ ಬಂದ.

"ಕೋಚ್, ನಿಮ್ಗೆ ಮೊದ್ಲೇ ಕಾಣ್ಸಿತ್ತಾ?"

ವರ್ನ್ ಸುಳ್ಳು ಹೇಳಬಹುದಿತ್ತು. "ಮೂರು ವಾರದಿಂದ ಕಾಣಿಸ್ತಿತ್ತು."

"ಮತ್ತೆ? ಬಾಯಲ್ಲಿ ಹೊಗೆಸೊಪ್ಪು ತುಂಬ್ಕೊಂಡಿದ್ರಾ?"

"ಹೆದರ್ದೆ ಕಣೋ. ನೀನು ಹೊಡೀತಿದ್ದೆ."

"ಹೆದರಿದ್ದು ನೀವು, ಮಾನ ಹೋಗಿದ್ದು ನಂದು!" ಡೆಸ್ಮಂಡ್ ಬ್ಯಾಗನ್ನು ಒದ್ದು ಹೋದ.

ಎರಡು ದಿನ ಬಲೆಯ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ತಾನೇ ಬಂದು ಬ್ಯಾಟು ಹಿಡಿದು ನಿಂತ. ವರ್ನ್ ದೂರಕ್ಕೆ ಚೆಂಡು ಎಸೆಯತೊಡಗಿದ. ಜೂನ್, ಜುಲೈ ಪೂರ್ತಿ ಅದೇ ಕೆಲಸ.

ಆಗಸ್ಟಿನಲ್ಲಿ ಡೆಸ್ಮಂಡ್ ಮತ್ತೆ ಸತತ ಹನ್ನೊಂದು ಪಂದ್ಯ ಹೊಡೆದ. ಹನ್ನೆರಡನೆಯದರಲ್ಲಿ ಭುಜ ಮತ್ತೆ ತೆರೆಯಿತು. ವರ್ನ್ ಎದ್ದ. "ಸುಮ್ನೆ ಕೂತ್ಕೊಳಯ್ಯಾ, ಅವನ ತಂಟೆಗೆ ಹೋಗ್ಬೇಡ" ಎಂದು ತಂಡದ ಮ್ಯಾನೇಜರ್ ಗಸ್ ತೋಳು ಹಿಡಿದ. ವರ್ನ್ ಕೊಸರಿಕೊಂಡು, ಬೆಂಚಿನ ಮೇಲೆ ಕೂತಿದ್ದ ತಂಡಕ್ಕೆಲ್ಲ ಕೇಳುವಂತೆ ಕೂಗಿದ: "ಲೋ ಡೆಸ್ಮಂಡ್, ಭುಜ ಮುಚ್ಚೋ!"

ಡೆಸ್ಮಂಡ್ ಆ ದಿನ ಒಂದೂ ಹೊಡೆಯಲಿಲ್ಲ. ಸರಣಿ ಮುರಿಯಿತು. ಊಟಕ್ಕೆ ಕೂತಾಗ ಯಾರೂ ವರ್ನ್ ಮೇಜಿನ ಕಡೆ ಸುಳಿಯಲಿಲ್ಲ. ಡೆಸ್ಮಂಡ್ ಮಾತ್ರ ತಟ್ಟೆ ತಂದು ಎದುರಿಗೆ ಕುಕ್ಕಿದ.

"ಈ ಸಲ ಹೇಳಿದ್ರಲ್ಲ. ನಾಳೆ ಹನ್ನೆರಡಕ್ಕೇ ಬನ್ನಿ."

"ಹನ್ನೊಂದಕ್ಕೆ ಬಾ, ಸೋಮಾರಿ."

ಸೆಪ್ಟೆಂಬರಿನಲ್ಲಿ ಎರಡನೆಯ ಕರೆ ಬಂತು. ಈ ಸಲ ದೂರಕ್ಕೆ ಎಸೆದವರೇ ಪೆಟ್ಟು ತಿಂದರು. ಡೆಸ್ಮಂಡ್ ಟೆನೆಸ್ಸಿಗೆ ವಾಪಸ್ ಬರಲಿಲ್ಲ.